ಪೂರ್ತಿ ಬೆಲೆಯ ಸ್ವೆಟರು

ಆ ಮನೆಯಲ್ಲಿ ಯಾರೂ ಚಳಿಗಾಲದ ನಡುವೆ ಸ್ವೆಟರ್ ಕೊಂಡವರಲ್ಲ. ಚಳಿ ಮುಗಿಯುತ್ತ ಬಂದಾಗ ಅಂಗಡಿಗಳು ಉಣ್ಣೆ ಬಟ್ಟೆಯನ್ನು ಅರ್ಧ ಬೆಲೆಗೆ ಇಳಿಸುತ್ತವಲ್ಲ, ಅಮ್ಮ ಟೊಂಕ ಕಟ್ಟಿ ಹೊರಡುತ್ತಿದ್ದದ್ದು ಆಗಲೇ. ಕೊಳ್ಳುವುದು ಮುಂದಿನ ವರ್ಷಕ್ಕೆ, ಅದೂ ಒಂದು ಸೈಜ್ ದೊಡ್ಡದು. ಇವತ್ತಿನ ಅಳತೆಗೆ ಕೊಳ್ಳುವವರು ದಡ್ಡರು ಎನ್ನುವುದು ಅವಳ ವಾದ. ಹೊಸ ಅಳಿಯನಿಗೂ ಅಂಥದ್ದೇ ಒಂದು ತಂದುಕೊಟ್ಟಳು. ಪಾಪ, ಅದಕ್ಕೆ ತಕ್ಕ ಹೊಟ್ಟೆಯನ್ನು ಅವನೇ ಬೆಳೆಸಿಕೊಳ್ಳಬೇಕಾಯಿತು.

ಮಗಳು ಕೆಲಸಕ್ಕೆ ಸೇರಿದ್ದೂ ಬಟ್ಟೆ ಅಂಗಡಿಗೇ. ಸೇಲ್‌ಗೆ ಮುಂಚೆ ಉಣ್ಣೆ ಬಟ್ಟೆಗಳ ಬೆಲೆಚೀಟಿಯ ಮೇಲೆ ಅರ್ಧ ಬೆಲೆಯ ಕೆಂಪು ಚೀಟಿ ಅಂಟಿಸುವವಳು ಅವಳೇ.

ಈ ಸಲ ಅಮ್ಮ ಆಸ್ಪತ್ರೆಯಿಂದ ಅರ್ಧಕ್ಕರ್ಧ ಇಳಿದು ಬಂದಿದ್ದಳು. ಡಾಕ್ಟರು ಮಗಳೊಬ್ಬಳನ್ನೇ ಪಕ್ಕಕ್ಕೆ ಕರೆದು, ಔಷಧಿ ಹಿಡಿದರೂ ಹಿಡಿಯಬಹುದು, ಹೇಳಲು ಬರುವುದಿಲ್ಲ ಎಂದಿದ್ದರು. ಮುಂದಿನ ಚಳಿಗಾಲದ ಮಾತನ್ನು ಅವರು ಎತ್ತಲಿಲ್ಲ, ಇವಳಿಗೆ ಕೇಳುವ ಧೈರ್ಯ ಬರಲಿಲ್ಲ.

ಸೋಮವಾರ ಸೇಲ್. ಶುಕ್ರವಾರ ಕೆಂಪು ಚೀಟಿಗಳ ಕಟ್ಟು ಕೈಯಲ್ಲಿ ಹಿಡಿದಿದ್ದಾಗಲೇ ಆ ನೀಲಿ ಸ್ವೆಟರು ಕಣ್ಣಿಗೆ ಬಿತ್ತು. ಚಳಿ ಶುರುವಾದಾಗ ಅಮ್ಮ ಅದನ್ನು ಮುಟ್ಟಿ ಮುಟ್ಟಿ ನೋಡಿ, ಆಮೇಲೆ ನೋಡೋಣ ಎಂದು ಬಿಟ್ಟುಹೋಗಿದ್ದಳು. ಮಗಳಿಗೆ ತಡೆಯಲಾಗಲಿಲ್ಲ. ಅಮ್ಮನ ಈಗಿನ ಸಣ್ಣ ಅಳತೆಯದನ್ನೇ ಆರಿಸಿ, ಪೂರ್ತಿ ಬೆಲೆ ಕೊಟ್ಟು ಮನೆಗೆ ತಂದಳು.

ಯಾವ ಬಟ್ಟೆ ಬಂದರೂ ಅಮ್ಮ ಮೊದಲು ನೋಡುವುದು ಬೆಲೆಚೀಟಿ. ಅವಸರದಲ್ಲಿ ಮಗಳು ಅದನ್ನು ಕೀಳುವುದನ್ನೇ ಮರೆತಿದ್ದಳು. ಅಮ್ಮ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. ಕೆಂಪು ಎಲ್ಲೂ ಇರಲಿಲ್ಲ. ಕುತ್ತಿಗೆಯ ಪಟ್ಟಿಯಲ್ಲಿ ಸೈಜ್ ನೋಡಿದಳು. ಆಮೇಲೆ ಮಗಳ ಮುಖ ನೋಡಿದಳು. ಡಾಕ್ಟರು ಏನೆಂದರು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ.

"ಸೇಲ್ ಯಾವತ್ತು?"

"ಸೋಮವಾರ."

"ಸೋಮವಾರದವರೆಗೂ ಕಾಯೋಕಾಗ್ಲಿಲ್ವಾ? ಅಷ್ಟೊಂದು ಹೆದರ್ಕೊಂಡ್ಯಾ, ಪುಟ್ಟಿ?"

ಮಗಳಿಗೆ ಅಳು ಒತ್ತರಿಸಿಕೊಂಡು ಬಂತು. ಅಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು ಸವರತೊಡಗಿದಳು.

ಆಮೇಲೆ ಅಮ್ಮ ಸ್ವೆಟರನ್ನು ಒಂದು ಸಲ ಕೆನ್ನೆಗೆ ಒತ್ತಿಕೊಂಡು, ನೀಟಾಗಿ ಮಡಚಿ, ಚೀಲಕ್ಕೆ ಹಾಕಿದಳು.

"ನಾಳೆ ಇದನ್ನ ವಾಪಸ್ ಕೊಟ್ಬಿಡು. ಸೋಮವಾರ ಕೆಂಪು ಚೀಟಿ ಅಂಟಿಸಿ ತಗೊಂಡ್ಬಾ," ಎಂದಳು. "ಒಂದು ಸೈಜ್ ದೊಡ್ಡದು."