ತಂತಿ ಬ್ರೇಕು

ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ, ಎಣ್ಣೆ ಗಿರಣಿಯೊಂದರ ಗೋಡೆಗೆ ಅಂಟಿಕೊಂಡಂತೆ ದುರುಗೇಶನ ಸೈಕಲ್ ಅಂಗಡಿ. ಗುಡ್ಡಗಾಡಿನಲ್ಲಿ ಓಡಿಸುವ ದಪ್ಪ ಟೈರಿನ ಗೇರ್ ಸೈಕಲ್ಲುಗಳನ್ನು ಬಿಚ್ಚಿ ಕಟ್ಟಬಲ್ಲವನು ತಾಲ್ಲೂಕಿಗೆ ಅವನೊಬ್ಬನೇ ಎಂಬ ಹೆಸರಿತ್ತು. ಆ ಹೆಸರು ಹೋದದ್ದು ನಾಗರಾಜ ಮೇಷ್ಟ್ರು ಸತ್ತ ಮೇಲೆ.

ನಾಗರಾಜ ಪರಶುರಾಂಪುರದ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದರು. ಭಾನುವಾರ ಬಂತೆಂದರೆ ಹಳದಿ ಸೈಕಲ್ ಹತ್ತಿ ಒಮ್ಮೆ ಉಳ್ಳಾರ್ತಿ ಕಾವಲಿನ ಕಡೆ, ಒಮ್ಮೆ ಮೊಳಕಾಲ್ಮುರಿನ ಬೆಟ್ಟಗಳ ಕಡೆ ಹೊರಟುಬಿಡುತ್ತಿದ್ದರು. ಸೈಕಲ್ಲಿಗೆ ಆಯಿಲ್ ಬ್ರೇಕಿತ್ತು. ಅದು ಎರಡು ಸಲ ಸೋರಿತು. ಎರಡು ಸಲವೂ ಸಾಮಾನು ಬೆಂಗಳೂರಿನಿಂದ ಬರುವವರೆಗೆ ಸೈಕಲ್ ಅಂಗಡಿಯಲ್ಲೇ ನಿಂತಿತ್ತು. ಮೂರನೆಯ ಸಲ ದುರುಗೇಶ ಹೇಳಿದ:

"ಮೇಷ್ಟ್ರೇ, ಇದು ಬ್ಯಾಡ. ತಂತಿ ಬ್ರೇಕ್ ಹಾಕ್ತೀನಿ. ಚಕ್ರದ ತಟ್ಟೆ ಹಿಡಿಯೋದು ಇದೇ ಥರನೇ. ಆಯಿಲ್ ಬದಲು ತಂತಿ ಎಳಿತೈತೆ, ಅಷ್ಟೇ."

"ಅದು ಸರಿಯಾಗಿ ಹಿಡಿಯಲ್ಲ ಅಂತಾರಲ್ಲಪ್ಪ ಎಲ್ಲರೂ."

"ಹಿಡಿಯಲ್ಲ ಅನ್ನೋರಿಗೆ ಯಾರೋ ನೆಟ್ಟಗೆ ಕಟ್ಟಿಕೊಟ್ಟಿರಲ್ಲ. ತಂತಿ ಮೇಲಿನ ಪೈಪು ಮೆತ್ತಗಿದ್ರೆ ಅರ್ಧ ಬಲ ಅದರಾಗೇ ಹೋಗ್ತೈತೆ. ಗಟ್ಟಿ ಪೈಪು ಹಾಕಿ, ಪ್ಯಾಡನ್ನ ತಟ್ಟೆ ಹತ್ರಕ್ಕೆ ಕೂರಿಸಿದ್ರೆ ಯಾವ ಬ್ರೇಕಿಗೂ ಕಮ್ಮಿ ಇಲ್ಲ. ತಂತಿ ಹೋದ್ರೆ ಯಾವ ಹಳ್ಳೀಲಾದ್ರೂ ಸಿಗ್ತೈತೆ."

ಮೇಷ್ಟ್ರು ಒಪ್ಪಿದರು. ಎಂಟು ತಿಂಗಳು ಚೆನ್ನಾಗಿಯೇ ಓಡಿಸಿದರು. ಒಂದು ಭಾನುವಾರ ಮೊಳಕಾಲ್ಮುರಿನಾಚೆಯ ಬೆಟ್ಟದ ಇಳಿಜಾರಿನಲ್ಲಿ ಬಿದ್ದು, ತಲೆ ಬಂಡೆಗೆ ಬಡಿದು, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಹೆಲ್ಮೆಟ್ ಬೆನ್ನಿನ ಚೀಲದಲ್ಲಿತ್ತು. ಬಿದ್ದದ್ದನ್ನು ಕಂಡೆವೆಂದು ಮುಂದೆ ಬಂದವರು ಯಾರೂ ಇರಲಿಲ್ಲ.

ತಂತಿ ಬ್ರೇಕು ಕೈಕೊಟ್ಟಿತು ಎಂಬ ಮಾತು ಮಣ್ಣಿನ ದಿನವೇ ಹಬ್ಬಿತು. ದುರುಗೇಶನ ಎದುರು ಯಾರೂ ಏನೂ ಅನ್ನಲಿಲ್ಲ. ಗೇರ್ ಸೈಕಲ್ಲುಗಳು ಬರುವುದು ಮಾತ್ರ ನಿಂತಿತು. ಆಮೇಲೆ ಬಂದ ಒಂದೆರಡನ್ನು ಅವನೇ ಚಿತ್ರದುರ್ಗಕ್ಕೆ ಒಯ್ಯಿರೆಂದು ಕಳಿಸಿದ. ಪಂಕ್ಚರ್ ಹಾಕುವುದು, ಹಾಲಿನವರ ಸೈಕಲ್ಲಿಗೆ ಚೈನು ಬಿಗಿಯುವುದು, ಇಷ್ಟೇ ಉಳಿಯಿತು. ಎಲ್ಲಿ ತಪ್ಪಿದೆ ಎಂದು ಅವನು ದಿನವೂ ಮನಸ್ಸಿನಲ್ಲೇ ಆ ಬ್ರೇಕನ್ನು ಬಿಚ್ಚಿ ಕಟ್ಟುತ್ತಿದ್ದ.

ಹನ್ನೊಂದು ತಿಂಗಳ ಮೇಲೆ ಒಂದು ಬೆಳಿಗ್ಗೆ ಲಗೇಜ್ ಆಟೋದಲ್ಲಿ ಆ ಹಳದಿ ಸೈಕಲ್ ಬಂತು. ಜೊತೆಗೆ ಮೇಷ್ಟ್ರ ಹೆಂಡತಿ ಕಾವ್ಯ ಇದ್ದಳು. ಆಕೆ ಪರಶುರಾಂಪುರದಲ್ಲಿ ಅಂಗನವಾಡಿ ಟೀಚರ್.

"ದುರುಗೇಶಣ್ಣ, ಇದನ್ನ ನೋಡ್ಬೇಕು ನೀವು."

"ನಾನು ಮುಟ್ಟಲ್ಲ ಟೀಚರಮ್ಮ. ಬೇರೆ ಯಾರಿಗಾದ್ರೂ ತೋರಿಸ್ರಿ."

"ಬೇರೆಯವರಿಗೆ ಏನು ಗೊತ್ತಾಗ್ತೈತೆ. ಕಟ್ಟಿದ್ದು ನೀವು." ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತಳು. "ಬ್ರೇಕು ಕೈಕೊಟ್ಟಿತು ಅಂತ ಮೊದಲು ಅಂದಿದ್ದು ನಾನೇ. ಆಸ್ಪತ್ರೆ ಬಾಗ್ಲಾಗೆ ಅಂದೆ. ಗೊತ್ತಿದ್ದು ಅಂದಿದ್ದಲ್ಲ. ಬಾಯಿಗೆ ಬಂತು, ಅಂದೆ. ಆಮೇಲೆ ಎಲ್ಲರೂ ಅದನ್ನೇ ಅಂದ್ರು. ಈಗ ಅವರ ವರ್ಷದ ಎಡೆ ಬಂತು. ಅಷ್ಟರೊಳಗೆ ನನಗೆ ನಿಜ ಗೊತ್ತಾಗ್ಬೇಕು."

ದುರುಗೇಶ ಎದ್ದು ಸೈಕಲ್ಲನ್ನು ಒಳಗೆ ತಂದ.

ಮುಂದಿನ ಚಕ್ರ ಡೊಂಕಾಗಿತ್ತು. ಕಡ್ಡಿಗಳನ್ನು ಬಿಗಿದು ಸಡಿಲಿಸಿ ಮಧ್ಯಾಹ್ನದ ಹೊತ್ತಿಗೆ ಅದನ್ನು ನೆಟ್ಟಗೆ ಮಾಡಿದ. ತಟ್ಟೆಯ ಮೇಲಿನ ತುಕ್ಕನ್ನಷ್ಟೇ ಒರೆಸಿದ, ಬ್ರೇಕಿಗೆ ಕೈ ಹಚ್ಚಲಿಲ್ಲ. ತಂತಿ ಹರಿದಿರಲಿಲ್ಲ, ಜಾರಿರಲಿಲ್ಲ. ಪ್ಯಾಡು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಚಕ್ರ ತಿರುಗಿಸಿ ಹಿಡಿಕೆ ಒತ್ತಿದ. ಗಪ್ಪನೆ ನಿಂತಿತು.

"ಇಲ್ಲಿ ನಿಲ್ತೈತೆ. ಇಳಿಜಾರಾಗೆ?" ಎಂದಳು ಕಾವ್ಯ.

ಅದು ಅವನ ಪ್ರಶ್ನೆಯೂ ಆಗಿತ್ತು.

ಮರುದಿನ ಖಾಸಗಿ ಬಸ್ಸಿನ ಮೇಲೆ ಸೈಕಲ್ ಕಟ್ಟಿಸಿ ಇಬ್ಬರೂ ಮೊಳಕಾಲ್ಮುರಿಗೆ ಹೋದರು. ಅಲ್ಲಿಂದ ಆಟೋ ಹಿಡಿದು ಬೆಟ್ಟದ ಬುಡ ಸೇರಿದರು. ಮೇಷ್ಟ್ರು ಬಿದ್ದ ತಿರುವನ್ನು ಪೊಲೀಸರು ಕಾವ್ಯಳಿಗೆ ತೋರಿಸಿದ್ದರು. ಅವಳು ಅಲ್ಲಿ ದಾರಿಗೆ ಅಡ್ಡವಾಗಿ ಒಂದು ಸಾಲು ಸಣ್ಣ ಕಲ್ಲು ಜೋಡಿಸಿ, ಪಕ್ಕದ ಬಂಡೆಯ ನೆರಳಿನಲ್ಲಿ ನಿಂತಳು.

ದುರುಗೇಶ ಸೈಕಲ್ ತಳ್ಳಿಕೊಂಡು ಮೇಲೇರಿದ. ನಲವತ್ತು ದಾಟಿದ ಅವನು ಇಂಥ ಇಳಿಜಾರಿನಲ್ಲಿ ಯಾವತ್ತೂ ಸೈಕಲ್ ಬಿಟ್ಟವನಲ್ಲ. ಹೆಲ್ಮೆಟ್ಟಿನ ಪಟ್ಟಿ ಎರಡು ಸಲ ಬಿಗಿದ. ಬ್ರೇಕು ಹಿಡಿಯದಿದ್ದರೆ ತನಗೇನಾಗುತ್ತದೆ ಎಂಬುದಕ್ಕಿಂತ, ಹಿಡಿಯದಿದ್ದರೆ ಮೇಷ್ಟ್ರನ್ನು ಕೊಂದವನು ತಾನೇ ಎಂಬುದು ಖಾತ್ರಿಯಾಗುತ್ತದಲ್ಲ ಎಂಬ ಭಯವೇ ಅವನಿಗೆ ದೊಡ್ಡದಾಗಿತ್ತು.

ಮೊದಲ ಸಲ ನಿಧಾನಕ್ಕೆ ಇಳಿದ. ಕಲ್ಲಿನ ಸಾಲಿಗೆ ಮೊದಲೇ ಸೈಕಲ್ ನಿಂತಿತು. ಎರಡನೆಯ ಸಲ ವೇಗ ಹೆಚ್ಚಿಸಿದ. ಆಗಲೂ ನಿಂತಿತು. ಮೂರನೆಯ ಸಲ ಮೇಷ್ಟ್ರು ಬರುತ್ತಿದ್ದಿರಬಹುದಾದ ವೇಗದಲ್ಲಿ ಬಂದು, ಕೊನೆಯ ಗಳಿಗೆಯಲ್ಲಿ ಎರಡೂ ಹಿಡಿಕೆ ಒತ್ತಿದ. ಮೈಯೆಲ್ಲ ಮುಂದಕ್ಕೆ ಎಸೆದಂತಾಗಿ, ಹಿಂದಿನ ಚಕ್ರ ನೆಲ ಬಿಟ್ಟೆದ್ದು ಮತ್ತೆ ಕುಕ್ಕಿತು. ಸೈಕಲ್ ಕಲ್ಲಿನ ಸಾಲಿನಿಂದ ಮಾರು ದೂರದಲ್ಲೇ ನಿಂತಿತ್ತು.

ಅದೇ ಹೊತ್ತಿಗೆ ಕೆಳಗಿನಿಂದ ಒಬ್ಬ ಮುದುಕಿ "ಆಗಯ್ಯಾ, ಆಗು" ಎಂದು ತೆಲುಗಿನಲ್ಲಿ ನಿಲ್ಲೆಂದು ಕೂಗುತ್ತ ಓಡಿಬಂದಳು. ಕುರಿ ಕಾಯುವವಳು, ಕೈಯಲ್ಲಿ ಕೋಲಿತ್ತು. ಹತ್ತಿರ ಬಂದು ಹಳದಿ ಸೈಕಲ್ ನೋಡಿದವಳೇ ಅಲ್ಲೇ ಕುಸಿದು ಕೂತಳು.

"ಇದು ಆವತ್ತಿಂದೇ ಅಲ್ಲೇನಪ್ಪಾ?"

"ಯಾವತ್ತಿಂದು ಅಜ್ಜಿ?" ಎಂದು ಕಾವ್ಯ ಬಂಡೆಯ ಬಳಿಯಿಂದ ಬಂದಳು.

ಮುದುಕಿಯ ಹೆಸರು ಹುಚ್ಚಕ್ಕ. ಆವತ್ತು ಅವಳ ಮರಿಯೊಂದು ತಿರುವಿನಲ್ಲಿ ದಾರಿಗೆ ಅಡ್ಡ ನಿಂತಿತ್ತು. ಅದನ್ನು ಎತ್ತಿಕೊಳ್ಳಲು ಇವಳು ಬಗ್ಗಿದ್ದಳು. ತಲೆ ಎತ್ತಿದಾಗ ಸೈಕಲ್ ಮೈಮೇಲೇ ಬಂದಂತಿತ್ತು.

"ಕಣ್ ಮುಚ್ಕಂಡೆ ತಾಯಿ. ತೆಗೆದಾಗ ಚಕ್ರ ನನ್ನಿಂದ ಇಷ್ಟು ದೂರದಾಗಿತ್ತು," ಎಂದು ಗೇಣು ತೋರಿಸಿದಳು. "ಸೈಕಲ್ ನಿಂತ್ಕಂತು. ಆಯಪ್ಪ ನಿಲ್ಲಲಿಲ್ಲ, ಹಾರಿ ಆ ಬಂಡೆಗೆ ಬಿದ್ದ. ಸೈಕಲ್ಲೂ ಹಿಂದೇನೇ ಮಗುಚ್ಕಂತು. ನಾನೇ ರಸ್ತೆಗೋಗಿ ಟ್ರ್ಯಾಕ್ಟ್ರು ನಿಲ್ಸಿ, ಯಾರೋ ಬಿದ್ದವರೆ ಅಂದೆ. ನನ್ನಿಂದ ಅಂತ ಹೇಳಲಿಲ್ಲ. ಪೊಲೀಸ್ನೋರು ಅಂದ್ರೆ ಭಯ ತಾಯಿ. ಈ ದಾರೀಲಿ ಮತ್ತೊಬ್ಬ ಹಂಗೇ ಬರೋದು ಕಂಡು ಎದೆ ಒಡೀತು."

"ನಿಮಗೆ ಏಟಾಗಿತ್ತಾ?" ಎಂದು ಕಾವ್ಯ ಕೇಳಿದಳು.

"ಇಲ್ಲ. ಒಂದು ಗೀರೂ ಇಲ್ಲ. ನೀನ್ಯಾರು?"

"ಅವರ ಹೆಂಡ್ತಿ."

ಹುಚ್ಚಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕಾವ್ಯ ಅವಳ ಪಕ್ಕದಲ್ಲೇ ನೆಲಕ್ಕೆ ಕೂತಳು. ಅಳು ಬರುವುದಕ್ಕೆ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬ್ರೇಕು ಹಿಡಿದಿತ್ತು. ಅದನ್ನು ಕೇಳಲು ಹನ್ನೊಂದು ತಿಂಗಳು ಕಾದಿದ್ದ ದುರುಗೇಶನಿಗೆ ಈಗ ಸಮಾಧಾನವೇನೂ ಆಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವನೇ ಬಾಯಿಬಿಟ್ಟ.

"ನಾನು ಅಷ್ಟು ಬಿಗಿಯಾಗಿ ಕಟ್ಟದಿದ್ರೆ ಮೇಷ್ಟ್ರು ಬದುಕ್ತಿದ್ರೇನೋ."

ಕಾವ್ಯ ಕಿಟಕಿಯ ಹೊರಗೆ ಕಿತ್ತುಹಾಕಿದ್ದ ಶೇಂಗಾ ಹೊಲಗಳನ್ನು ನೋಡುತ್ತಿದ್ದಳು.

"ಆ ಅಜ್ಜಿ ಮೇಲೆ ಹಾಯಿಸ್ಕಂಡು ಬಂದು ಬದುಕಿದ್ರೆ ಅವರು ಊಟ ಮಾಡ್ತಿರಲಿಲ್ಲ ಅಣ್ಣ. ಹಿಡೀಲಿ ಅಂತಾನೇ ಒತ್ತವರೆ. ಹಿಡೀತು. ನೀವು ಹೇಳ್ದಂಗೇ ಹಿಡೀತು." ಅವನ ಕಡೆ ತಿರುಗಿ ಅಂದಳು: "ನಾನು ನಿಮ್ಮ ಮೇಲೆ ಹಾಕಿದ ಮಾತನ್ನ ನಾನೇ ವಾಪಸ್ ತಗೋಬೇಕು."

ವರ್ಷದ ಎಡೆಯ ದಿನ ಶಾಲೆಯ ಮೇಷ್ಟ್ರುಗಳೆಲ್ಲ ಬಂದಿದ್ದರು. ಕಾವ್ಯ ಹೇಳಿಕಳಿಸಿದ್ದಕ್ಕೆ ಹುಚ್ಚಕ್ಕ ಎರಡು ಬಸ್ಸು ಬದಲಿಸಿ ಬಂದಳು. ಊಟಕ್ಕೆ ಕೂರುವ ಮೊದಲು ಕಾವ್ಯ ಎದ್ದು ನಿಂತು, ಆಸ್ಪತ್ರೆಯ ಬಾಗಿಲಲ್ಲಿ ತಾನು ಆಡಿದ್ದು ಸುಳ್ಳು ಎಂದಳು. ಉಳಿದದ್ದನ್ನು ಹುಚ್ಚಕ್ಕ ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹೇಳಿದಳು. ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು, ಬಾಗಿಲ ಬಳಿ ನಿಂತೇ ಇದ್ದ ದುರುಗೇಶನ ಕೈ ಹಿಡಿದು ತಂದು ತಮ್ಮ ಪಕ್ಕದ ಎಲೆಗೆ ಕೂರಿಸಿದರು.

ಊಟವಾದ ಮೇಲೆ ಹುಚ್ಚಕ್ಕ ಹೊರಡಲು ಅವಸರಪಟ್ಟಳು. ಕುರಿಗಳನ್ನು ತಂಗಿಗೆ ಒಪ್ಪಿಸಿ ಬಂದಿದ್ದಳು, ಹೊತ್ತು ಮುಳುಗುವುದರೊಳಗೆ ಸೇರಬೇಕಿತ್ತು. ಕಾವ್ಯ ಬಸ್‌ಸ್ಟ್ಯಾಂಡಿನವರೆಗೆ ಅವಳ ಜೊತೆ ನಡೆದುಹೋದಳು.