ಹೊಲಿಗೆಯಕ್ಕನ ತೂಕ

ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತುಕೊಳ್ಳಬೇಕಂತೆ. ನಿಲ್ಲುವ ಕಾಲಿದ್ದಿದ್ದರೆ ಹೊಲಿಗೆಯಕ್ಕ ಗಾಲಿಕುರ್ಚಿಯಲ್ಲಿ ಯಾಕೆ ಬರುತ್ತಿದ್ದಳು? ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಕೈಮೆಷಿನ್ನು ತಿರುಗಿಸಿ ಬದುಕಿದವಳು. ಈಗ ತೊಡೆ ಊದಿ ಕಲ್ಲಾಗಿತ್ತು. ಒಳಗೆ ರಕ್ತ ಹೆಪ್ಪುಗಟ್ಟಿದೆ, ಎದೆಗೇರಿದರೆ ಜೀವಕ್ಕೇ ಸಂಚಕಾರ ಎಂದಿದ್ದರು ಡಾಕ್ಟರು.

“ತೂಕ ನೋಡದೆ ಇಂಜೆಕ್ಷನ್ ಕೊಡೋ ಹಾಗಿಲ್ಲಮ್ಮ,” ಎಂದಳು ನರ್ಸು. “ಡೋಸು ಹೆಚ್ಚಾದ್ರೆ ಮೈಯೊಳಗೆ ರಕ್ತ ಸುರಿಯುತ್ತೆ.”

“ನಾನು ಎತ್ಕೊಂಡು ನಿಲ್ತೀನಿ,” ಎಂದ ಕುರ್ಚಿ ತಳ್ಳಿಕೊಂಡು ಬಂದಿದ್ದ ತಮ್ಮ.

“ಇಬ್ರು ಹತ್ತಿದ್ರೆ ಮುರಿಯುತ್ತೆ. ಆಮೇಲೆ ನನ್ನ ಸಂಬಳದಲ್ಲಿ ಹಿಡೀತಾರೆ. ಎಲ್ಲಾದ್ರೂ ತೂಗಿಸ್ಕೊಂಡು ಬನ್ನಿ.”

ತಮ್ಮನಿಗೆ ಗೊತ್ತಿದ್ದದ್ದು ತಾನು ಮೂಟೆ ಹೊರುವ ಗುಜರಿ ಅಂಗಡಿಯೊಂದೇ. ಸಾಹುಕಾರ ಪಾಪ ಒಳ್ಳೆಯವನು. ಅವಳನ್ನು ಕುರ್ಚಿ ಸಮೇತ ತೂಗಿದ, ಆಮೇಲೆ ಬರೀ ಕುರ್ಚಿ ತೂಗಿ ಕಳೆದ. ಅಭ್ಯಾಸಬಲದಿಂದ ರಸೀದಿಯನ್ನೂ ಹರಿದು ಕೊಟ್ಟ: ‘ಹಳೇ ಕಬ್ಬಿಣ, ಮೂವತ್ತೆಂಟು ಕೆಜಿ.’

ಅಕ್ಕ ನೋವಿನಲ್ಲೂ ನಕ್ಕಳು. “ಸದ್ಯ, ರದ್ದಿ ಅಂತ ಬರೀಲಿಲ್ಲವಲ್ಲ.”

ಆಸ್ಪತ್ರೆಗೆ ಮರಳಿ ರಸೀದಿ ಕೊಟ್ಟಾಗ ಡಾಕ್ಟರು ನಗಲಿಲ್ಲ. “ಇದೇನಮ್ಮ, ಗುಜರಿ ಚೀಟಿ? ಇದನ್ನ ನಂಬಿ ಔಷಧಿ ಕೊಟ್ಟು ನಾನು ಸಿಕ್ಕಿಹಾಕ್ಕೊಳ್ಲಾ? ದೊಡ್ಡಾಸ್ಪತ್ರೆಗೆ ಹೋಗಿ. ಅಲ್ಲಿ ಕೂತು ತೂಗೋ ಯಂತ್ರ ಇದೆ ಅಂತಾರೆ.”

“ಅಂತಾರೆ ಅಂದ್ರೆ? ಅಲ್ಲೂ ಇಲ್ಲದಿದ್ರೆ?”

ಡಾಕ್ಟರು ಮುಂದಿನ ರೋಗಿಯ ಚೀಟಿ ಎಳೆದುಕೊಂಡರು. ಅವರ ತಲೆಯ ಮೇಲೆ ಬಣ್ಣದ ಬೋರ್ಡು ತೂಗುತ್ತಿತ್ತು: ಅಂಗವಿಕಲರಿಗೂ ಎಲ್ಲರಷ್ಟೇ ಆರೋಗ್ಯದ ಹಕ್ಕಿದೆ, ದೇಶದೇಶಗಳು ಒಪ್ಪಿ ಸಹಿ ಹಾಕಿವೆ.

“ಆ ಬೋರ್ಡು ಯಾರಿಗೆ ಸಾರ್?”

“ಅದು ಮೇಲಿಂದ ಬಂದಿದ್ದಮ್ಮ. ಹಾಕಿ ಅಂದ್ರು, ಹಾಕಿದೀವಿ.”

ಅಕ್ಕನಿಗೆ ಮೈಯೆಲ್ಲ ಉರಿಯಿತು. ಬೋರ್ಡು ಹಾಕಲು ಮೊಳೆ ಸಿಕ್ಕಿತು, ತನ್ನನ್ನು ತೂಗಲು ಒಂದು ತಕ್ಕಡಿ ಸಿಗಲಿಲ್ಲ. ಕುರ್ಚಿ ತಿರುಗಿಸಿಕೊಂಡು ಹೊರಗೆ ಬಂದಳು. ಸೀದಾ ತೂಕದ ಯಂತ್ರಕ್ಕೆ ಅಡ್ಡ ನಿಲ್ಲಿಸಿ ಬ್ರೇಕು ಎಳೆದಳು.

“ಜರುಗಮ್ಮ, ಸಾಲಿದೆ,” ಎಂದಳು ನರ್ಸು.

“ನನ್ನ ತೂಕ ಆಗೋವರೆಗೂ ಇಲ್ಲಿ ಯಾರ ತೂಕನೂ ಆಗಲ್ಲ.”

ಸಾಲು ಗೊಣಗಿತು. “ನಮಗೂ ಮನೇಲಿ ಕೆಲಸ ಇದೆ ಕಣಮ್ಮ,” ಎಂದರು ಯಾರೋ. ಅಕ್ಕ ಚೀಟಿ ಎತ್ತಿ ತೋರಿಸಿದಳು. “ನೋಡಿ, ಹಳೇ ಕಬ್ಬಿಣ ಅಂತೆ ನಾನು. ಇದನ್ನೂ ಒಪ್ಪಲ್ಲ, ಔಷಧಿನೂ ಕೊಡಲ್ಲ. ಹೆಪ್ಪು ಎದೆಗೇರೋವರೆಗೆ ಊರೆಲ್ಲ ತಿರುಗ್ಲಾ?”

ಸಾಲಿನ ಮುಂದೆ ತುಂಬು ಬಸುರಿಯೊಬ್ಬಳಿದ್ದಳು. ಚೀಟಿ ಓದಿದಳು, ಯಂತ್ರ ನೋಡಿದಳು. ಸೊಂಟ ಹಿಡಿದುಕೊಂಡು ಗಾಲಿಯ ಪಕ್ಕ ನೆಲದ ಮೇಲೆ ಕೂತಳು.

“ಮೊದ್ಲು ಅಕ್ಕಂದಾಗ್ಲಿ. ಆಮೇಲೆ ನಂದು.”

ಅವಳ ಹಿಂದಿನವಳು ಕೂತಳು. ಗೊಣಗಿದವರೂ, ತಮ್ಮನೂ ಕೂತರು, ಕೊನೆಗೆ ನರ್ಸೂ. ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದಾಗ, ಆ ಪಡಸಾಲೆಯಲ್ಲಿ ನಿಂತಿದ್ದವರು ಅವರೊಬ್ಬರೇ.