ಕೋಳಿ ಗಿಟಾರಿನ ಸರ್ವಮಂಗಳಮ್ಮ

ದ್ರಾಕ್ಷಾಯಣಮ್ಮ ಒದ್ದೆ ಬಟ್ಟೆಯಿಂದ ಸೊಸೆಯ ಹುಬ್ಬು ಒರೆಸುತ್ತಿದ್ದರು. ಎಷ್ಟು ಒರೆಸಿದರೂ ಕೂದಲ ಬುಡದಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು.

"ಬಿಡ್ರಿ ಅಮ್ಮಾರ, ಮ್ಯಾಲೆ ಹೆಂಗೂ ವಿಭೂತಿ ಹಚ್ತೀವಲ್ಲ," ಎಂದಳು ಪಕ್ಕದ ಮನೆಯ ಸುನೀತಾ.

"ಚಿಪ್ಪಿನ ಪುಡಿ ಬ್ಯಾರೆ, ವಿಭೂತಿ ಬ್ಯಾರೆ. ಮಾರಿ ತೊಳಕೊಂಡು ಉಣ್ಣಾಕ ಕೂಡು ಅಂತ ದಿನಾ ಬೈತಿದ್ದೆ. ಒಂದಿನ ಕೇಳ್ಳಿಲ್ಲ."

ವಿನೋಬನಗರದ ಆ ಮನೆಯ ಮುಂಗೋಣೆಯೇ ಅಂಗಡಿ. ನಾಗಭೂಷಣ್ ಅಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದ. ಹೆಂಡತಿ ಸರ್ವಮಂಗಳಮ್ಮ ಕಪ್ಪೆಚಿಪ್ಪು ಕೊರೆದು ಗಿಟಾರಿನ ಮರದೊಳಗೆ ಹೂವು, ಹಕ್ಕಿ, ಹೆಸರು ಕೂರಿಸುತ್ತಿದ್ದಳು. ನಿನ್ನೆ ಮಧ್ಯಾಹ್ನ ಕೆಲಸದ ನಡುವೆ ಎದೆ ಹಿಡಿದುಕೊಂಡು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಈಗ ಹಸಿರು ಸೀರೆ ಉಡಿಸಿ, ಹಾರ ಹಾಕಿ, ಅದೇ ಗೋಡೆಗೆ ಒರಗಿಸಿ ಕೂರಿಸಿದ್ದರು. ನಾಗಭೂಷಣ್ ಎದುರಿಗೆ ಕೂತಿದ್ದ.

ಆರ್ಕೆಸ್ಟ್ರಾದ ಪರಶುರಾಮ ಗಿಟಾರ್ ಹೊತ್ತೇ ಒಳಗೆ ಬಂದ. ಹಾರ ತರುವುದು ಬಿಟ್ಟು ಇದೇನು ಎಂದು ಕೆಲವರು ಮುಖ ಮುಖ ನೋಡಿಕೊಂಡರು. ಅವನು ಗಿಟಾರನ್ನು ಸರ್ವಮಂಗಳಮ್ಮನ ಪಕ್ಕದಲ್ಲಿ ನಿಲ್ಲಿಸಿ ಕೈಮುಗಿದ.

"ಅಕ್ಕಾರು ಮಾಡಿದ್ದು ಇದೇ ಮೊದಲ್ನೇದು. ಒಂದ್ಸಲ ನೋಡ್ಲಿ ಅಂತ ತಂದೆ."

ನಾಗಭೂಷಣನ ಸೋದರಮಾವ ವಾಮದೇವಪ್ಪ ಕನ್ನಡಕ ಸರಿಮಾಡಿಕೊಂಡು ಗಿಟಾರಿನ ತಲೆಯ ಮೇಲಿನ ಚಿಪ್ಪಿನ ಚಿತ್ರದತ್ತ ಬಗ್ಗಿದರು. "ಇದು ಯಾವ ಹಕ್ಕಿಯಪ್ಪ?"

"ಹದ್ದು," ಎಂದ ಪರಶುರಾಮ.

ಸುನೀತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆದರೂ ನಗು ಹೊರಗೆ ಬಂತು.

*

ಆ ಗಿಟಾರ್ ಹೊತ್ತು ಮೊದಲ ಸಲ ಅಂಗಡಿಗೆ ಬಂದಾಗ ಪರಶುರಾಮನಿಗೆ ಇಪ್ಪತ್ತೆರಡು ವರ್ಷ. ಗಿಟಾರಿನ ತಲೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು ಬೇಕೆಂದು ಹಟ ಹಿಡಿದು ಕೂತಿದ್ದ. ತನ್ನ ಕೈಲಿ ಆಗದು ಎಂದು ನಾಗಭೂಷಣ್ ವಾಪಸ್ಸು ಕಳಿಸುವುದರಲ್ಲಿದ್ದ. ಅಡುಗೆಮನೆಯಿಂದ ಸರ್ವಮಂಗಳಮ್ಮ ಬಂದಳು.

"ಇಟ್ಟು ಹೋಗ್ರಿ, ನಾ ಮಾಡ್ತೀನಿ."

ಅವಳ ತವರು ಹರಿಹರ. ತುಂಗಭದ್ರೆಯ ದಂಡೆಯಲ್ಲಿ ಆರಿಸಿ ತಂದ ಚಿಪ್ಪುಗಳು ಒಂದು ಡಬ್ಬಿ ತುಂಬ ಇದ್ದವು. ಅಕ್ಕಸಾಲಿಗರ ಗರಗಸ ತರಿಸಿದಳು. ಕೊರೆದಳು, ಮುರಿದಳು, ಮತ್ತೆ ಕೊರೆದಳು. ಕೊನೆಗೆ ಪರಶುರಾಮ ಬಂದು ನೋಡಿದ.

"ಅಕ್ಕಾರ, ಇದು ಹದ್ದಲ್ಲ."

"ರೆಕ್ಕೆ ಮುರೀತಪ್ಪ. ಅದಕ್ಕ ನೆಲಕ್ಕೆ ಇಳಿಸಿದೆ."

"ಇದು ಕೋಳಿ."

"ಮೈ ಕೈ ತುಂಬ್ಕೊಂಡು ಹೆಂಗೈತೆ ನೋಡು. ನಿನ್ ಹದ್ದು ಹಿಂಗಿರ್ತಿತ್ತಾ?"

ಅವತ್ತೇ ಹರಿಹರದಲ್ಲಿ ಕಾರ್ಯಕ್ರಮ. ಬೇರೆ ಗಿಟಾರ್ ಇಲ್ಲದೆ ಹಲ್ಲು ಕಡಿಯುತ್ತಲೇ ವೇದಿಕೆ ಹತ್ತಿದ. ದೀಪದ ಬೆಳಕಿಗೆ ಚಿಪ್ಪು ಮಿರಮಿರ ಮಿಂಚಿತು. ಮುಂದಿನ ಸಾಲಿನಿಂದ ಯಾರೋ ಕೋಳಿ ಗಿಟಾರ್ ಎಂದು ಕೂಗಿದರು. ಮುಂದಿನ ಗಣೇಶನ ಹಬ್ಬಕ್ಕೆ ಕರೆಯಲು ಬಂದವರೆಲ್ಲ ಕೇಳಿದ್ದು ಕೋಳಿ ಗಿಟಾರಿನವನನ್ನೇ. ಆಮೇಲೆ ಕೈ ಪಳಗಿ ಸರ್ವಮಂಗಳಮ್ಮ ನಿಜವಾದ ಹದ್ದನ್ನೂ ಮಾಡಿದಳು. ಬದಲಾಯಿಸಿ ಕೊಡುತ್ತೇನೆಂದರೆ ಪರಶುರಾಮ ಗಿಟಾರನ್ನು ಅವಳ ಕೈಗೇ ಕೊಡಲಿಲ್ಲ.

*

ಗಿಟಾರ್ ಬಾರಿಸುವ ಹುಡುಗಿ ಆಲಿಯಾ ಹರಿಹರದಿಂದ ಬಂದಾಗಲೂ ಈ ಕತೆ ಮುಗಿದಿರಲಿಲ್ಲ. ನಗುವವರ ನಡುವೆ ಅವಳೊಬ್ಬಳು ಅಳುತ್ತ ನಿಂತಳು. ಸರ್ವಮಂಗಳಮ್ಮ ನಿನ್ನೆ ಅರ್ಧಕ್ಕೆ ಬಿಟ್ಟು, ಮೇಜಿನ ಮೇಲೆ ಉಳಿದದ್ದು ಅವಳ ಗಿಟಾರ್. ಅವಳ ಅಜ್ಜ ಮಸ್ತಾನಸಾಬ್ ಉಕ್ಕಡಗಾತ್ರಿಯಲ್ಲಿ ಬುಟ್ಟಿಯಂಥ ದುಂಡು ತೆಪ್ಪ ನಡೆಸಿ ಕರಿಬಸವೇಶ್ವರನ ಭಕ್ತರನ್ನು ಹೊಳೆ ದಾಟಿಸುತ್ತಿದ್ದವರು. ಅಜ್ಜನ ನೆನಪಿಗೆ ಗಿಟಾರಿನ ಕೊರಳ ಮೇಲೆ ಹೊಳೆ, ಹೊಳೆಯಲ್ಲೊಂದು ತೆಪ್ಪ ಬೇಕೆಂದು ಕೇಳಿದ್ದಳು. ಚಿಪ್ಪಿನ ಅಲೆಗಳೆಲ್ಲ ಕೂತಿದ್ದವು. ತೆಪ್ಪಕ್ಕೆಂದು ಕೊರೆದ ದುಂಡನೆಯ ಗುಳಿ ಮಾತ್ರ ಖಾಲಿ. ಭಾನುವಾರ ಅವಳು ಮೊದಲ ಸಲ ವೇದಿಕೆ ಹತ್ತುವವಳಿದ್ದಳು.

"ಹಂಗೇ ಒಯ್ತೀನಿ ಅಂಕಲ್," ಎಂದಳು ಮೆಲ್ಲಗೆ. "ಆಂಟಿ ಮಾಡಿದ್ದು ಇಷ್ಟೇ ಸಾಕು."

ನಾಗಭೂಷಣ್ ತಲೆಯೆತ್ತಿದ. "ಬ್ಯಾಡವ್ವ. ಅವಳ ಕೆಲ್ಸ ಅರ್ಧಕ್ಕೆ ಹೊರಗೆ ಹೋಗಿದ್ದಿಲ್ಲ." ಹೇಳಿ ತನ್ನ ಕೈ ನೋಡಿಕೊಂಡ. ನರದ ತೊಂದರೆಯಿಂದ ನಡುಗುವ ಆ ಬೆರಳುಗಳಲ್ಲಿ ಗರಗಸ ನಿಲ್ಲುತ್ತಿರಲಿಲ್ಲ.

ಭಜನೆಯವರು ಬಂದರು. ಸರ್ವಮಂಗಳಮ್ಮನನ್ನು ಕೂರಿಸಿದ ಹೂವಿನ ವಿಮಾನ ಎತ್ತುವ ಹೊತ್ತಿಗೆ ಪರಶುರಾಮನೂ ಅವರ ತಾಳಕ್ಕೆ ಗಿಟಾರ್ ಮೀಟಿದ. ವಾಮದೇವಪ್ಪ ಬೇಡವೆಂದು ಕೈಯೆತ್ತಿದರು.

"ಬಾರಿಸ್ಲಿ ಬಿಡೋ," ಎಂದರು ದ್ರಾಕ್ಷಾಯಣಮ್ಮ ತಮ್ಮನಿಗೆ. "ನನ್ನ ಸೊಸೆ ಸಪ್ಪಗೆ ಎಲ್ಲಿಗೂ ಹೋದವಳಲ್ಲ."

ಆವರಗೆರೆಯ ರುದ್ರಭೂಮಿಯ ಕಡೆಗೆ ಮೆರವಣಿಗೆ ಹಾಡುತ್ತ ಸಾಗಿತು. ಆಟೋದವರು ಎಂಜಿನ್ ನಿಲ್ಲಿಸಿ ಕೆಳಗಿಳಿದು ಕೈಮುಗಿದರು.

ಮಣ್ಣು ಕೊಟ್ಟು ಎಲ್ಲರೂ ಹಿಂತಿರುಗಿದಾಗ ದ್ರಾಕ್ಷಾಯಣಮ್ಮ ಬಾಗಿಲಲ್ಲಿ ಕೈಕಾಲು ತೊಳೆಯಲು ನೀರಿನ ಕೊಡ ಇಟ್ಟುಕೊಂಡು ಕಾಯುತ್ತಿದ್ದರು, ಪಕ್ಕದಲ್ಲಿ ಆಲಿಯಾ. ನಾಗಭೂಷಣ್ ಬಲಗೈ ಮುಷ್ಟಿ ಬಿಚ್ಚಲಿಲ್ಲ.

"ತಡಿಯವ್ವ. ಆಲಿಯಾ, ನಿನ್ ಗಿಟಾರ್ ತಾ. ಅಂಟಿನ ಬಾಟ್ಲಿನೂ."

ಜಗಲಿಯ ಮೇಲೆ ಕೂತು, ಹೆಂಡತಿಯ ಸಮಾಧಿಯಿಂದ ಮುಷ್ಟಿಯಲ್ಲಿ ತಂದ ಕರಿಮಣ್ಣನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿದ. ಹೆಬ್ಬೆರಳಿನಿಂದ ಗುಳಿಯೊಳಗೆ ಒತ್ತಿದ. ಕೈ ನಡುಗಿತು. ಆದರೆ ಸರ್ವಮಂಗಳಮ್ಮ ಕೊರೆದಿಟ್ಟ ಅಂಚು ಮಣ್ಣನ್ನು ಆಚೆಗೆ ಬಿಡಲಿಲ್ಲ.

ಪರಶುರಾಮ ಬಗ್ಗಿ ನೋಡಿದ. "ತೆಪ್ಪ ಆತೋ, ಬದನೆಕಾಯಿ ಆತೋ?"

ನಾಗಭೂಷಣ್ ನಕ್ಕ. ನಗುತ್ತಿದ್ದ ಹಾಗೆಯೇ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಕೈಯಲ್ಲಿ ಮಣ್ಣಿತ್ತು. ಆಲಿಯಾ ತನ್ನ ದುಪ್ಪಟ್ಟಾದ ತುದಿ ಕೊಟ್ಟಳು.

ಗಿಟಾರನ್ನು ಬಿಸಿಲಿಗೆ ಒರಗಿಸಿದರು. ಬಿಸಿಲು ಜರುಗಿದಂತೆ ಚಿಪ್ಪಿನ ಅಲೆಗಳು ಒಂದೊಂದಾಗಿ ಬಣ್ಣ ಬದಲಿಸಿದವು. ನಡುವೆ, ಇನ್ನೂ ಹಸಿಯಾಗಿದ್ದ ಕರಿಯ ತೆಪ್ಪ ಆಚೆ ದಡದ ಕಡೆ ಹೊರಟಂತಿತ್ತು.